ವಾಹನದ ಮೈಮೇಲಿನ ಹೆಸರು: ಸಣ್ಣ ಸೇವಾ ಉದ್ದಿಮೆಗಳ ಪ್ರಚಾರ ಕುರಿತು ಒಂದು ಸಮೀಕ್ಷೆ

ನಲ್ಲಿ ದುರಸ್ತಿ, ವಿದ್ಯುತ್ ಕೆಲಸ, ಕೊಳವೆಬಾವಿ ಕೊರೆತ, ನೀರಿನ ಟ್ಯಾಂಕರ್, ಶೌಚಗುಂಡಿ ಸ್ವಚ್ಛತೆ, ಶಾಮಿಯಾನ, ಅಡುಗೆ ಗುತ್ತಿಗೆ, ಮನೆ ಸಾಮಾನು ಸಾಗಣೆ ಮೊದಲಾದ ಕಸುಬುಗಳಿಗೆ ಒಂದು ಸಮಾನ ಲಕ್ಷಣವಿದೆ: ಇವುಗಳಲ್ಲಿ ಗಿರಾಕಿ ಅಂಗಡಿಗೆ ಬರುವುದಿಲ್ಲ, ಕೆಲಸಗಾರನೇ ಗಿರಾಕಿಯ ಮನೆಬಾಗಿಲಿಗೆ ಹೋಗಬೇಕು. ಅಂಗಡಿಯೇ ಇಲ್ಲದವನಿಗೆ ಅಂಗಡಿಯ ಮುಂದಿನ ಫಲಕವೂ ಇರುವುದಿಲ್ಲವಾದ್ದರಿಂದ, ಅವನ ಹೆಸರು, ಕಸುಬು ಮತ್ತು ಫೋನ್ ಸಂಖ್ಯೆಯನ್ನು ಹೊತ್ತು ತಿರುಗುವ ಜಾಗವೆಂದರೆ ಅವನು ಉಪಕರಣಗಳನ್ನು ಸಾಗಿಸುವ ಸರಕು ಆಟೊ, ವ್ಯಾನ್ ಅಥವಾ ಸಣ್ಣ ಟೆಂಪೊ. ಕರ್ನಾಟಕದ ಯಾವ ಊರಿನ ರಸ್ತೆಯಲ್ಲಿ ನಿಂತು ನೋಡಿದರೂ ಕಾಣುವ ಈ ಬರಹಗಳ ಬಗ್ಗೆ ವ್ಯವಸ್ಥಿತವಾದ ಚರ್ಚೆ ಕನ್ನಡದಲ್ಲಿ ನಡೆದಿರುವುದು ಕಡಿಮೆ. ಇಂತಹ ಬರಹ ನಿಜಕ್ಕೂ ಗಿರಾಕಿಯನ್ನು ತಂದುಕೊಡುತ್ತದೆಯೇ, ತಂದುಕೊಡುವುದಾದರೆ ಯಾವ ಸಂದರ್ಭದಲ್ಲಿ, ಅದನ್ನು ಹೇಗೆ ಬರೆಸಬೇಕು, ಕಾನೂನು ಎಲ್ಲಿ ಅವಕಾಶ ಕೊಡುತ್ತದೆ ಮತ್ತು ಎಲ್ಲಿ ತಡೆಯುತ್ತದೆ ಎಂಬ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಚಲಿಸುವ ವಸ್ತುವಿನ ಮೂಲಕ ಸುದ್ದಿ ಮುಟ್ಟಿಸುವ ಕ್ರಮ ಈ ನಾಡಿಗೆ ಹೊಸದಲ್ಲ. ಡಂಗುರ ಸಾರುವವನು ಬೀದಿ ಬೀದಿ ಸುತ್ತುತ್ತಿದ್ದುದು, ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಎತ್ತಿನ ಗಾಡಿ ಅಥವಾ ಜಟಕಾದ ಎರಡೂ ಬದಿಗೆ ಸಿನಿಮಾದ ಚಿತ್ರಪಟ ಕಟ್ಟಿಕೊಂಡು ವಾದ್ಯದೊಂದಿಗೆ ಕರಪತ್ರ ಹಂಚುತ್ತ ಹೋಗುತ್ತಿದ್ದುದು, ಆಮೇಲೆ ಆಟೊರಿಕ್ಷಾದ ಮೇಲೆ ಧ್ವನಿವರ್ಧಕ ಕೂರಿಸಿ ಜಾತ್ರೆ, ನಾಟಕ, ಬಟ್ಟೆ ಮಾರಾಟಗಳ ಪ್ರಕಟಣೆ ಮಾಡಿದ್ದು, ಇವೆಲ್ಲ ಒಂದೇ ಪರಂಪರೆಯ ಹಂತಗಳು. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ದಲ್ಲಿ ಜಾರಿಗೆ ಬಂದು, ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೆಂದೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಳಸಬಾರದೆಂದೂ ವಿಧಿಸಿದ ಮೇಲೆ ಕೂಗಿ ಹೇಳುವ ಪ್ರಚಾರಕ್ಕೆ ಕಡಿವಾಣ ಬಿತ್ತು. ಬರೆದು ತೋರಿಸುವ ಪ್ರಚಾರಕ್ಕೆ ಆ ತೊಡಕಿಲ್ಲ. ಅದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಸಣ್ಣ ಕಸುಬುದಾರನ ಕೈಗೆಟುಕುವ ನಾಲ್ಕು ಚಕ್ರದ ವಾಹನ ಬಂದದ್ದು ಈ ಬರಹದ ಹರಡುವಿಕೆಗೆ ಮುಖ್ಯ ಕಾರಣ. 1984ರಲ್ಲಿ ಮಾರುಕಟ್ಟೆಗೆ ಬಂದು ಮುಂದೆ ಓಮ್ನಿ ಎಂದು ಹೆಸರಾದ ಮಾರುತಿ ವ್ಯಾನ್, 2019ರಲ್ಲಿ ತಯಾರಿಕೆ ನಿಲ್ಲುವವರೆಗೂ, ವಿದ್ಯುತ್ ಕೆಲಸದವರಿಂದ ಹಿಡಿದು ಅಡುಗೆ ಗುತ್ತಿಗೆದಾರರವರೆಗೆ ಎಲ್ಲರ ಸಾಧನವಾಗಿತ್ತು. ಅದರ ಚಪ್ಪಟೆಯಾದ ಪಕ್ಕಗಳು ಬರಹಕ್ಕೆಂದೇ ಮಾಡಿದಂತಿದ್ದವು. 2005ರಲ್ಲಿ ಬಂದ ಟಾಟಾ ಏಸ್ ಓಣಿಯೊಳಕ್ಕೂ ನುಗ್ಗಬಲ್ಲ ಸರಕು ಗಾಡಿಯಾಗಿ ಹಳ್ಳಿ ಪಟ್ಟಣಗಳನ್ನು ಬೆಸೆಯಿತು. ಅದಕ್ಕೂ ಮೊದಲೇ ಲಾರಿ ಮತ್ತು ಆಟೊಗಳ ಹಿಂಬದಿ ಜನರ ಅಭಿಮಾನವನ್ನು ಬರೆಯುವ ಜಾಗವಾಗಿತ್ತು. 1980ರ ‘ಆಟೋ ರಾಜ’ ಚಿತ್ರದ ನಂತರ ಶಂಕರ್ ನಾಗ್ ಅವರ ಚಿತ್ರ ಕರ್ನಾಟಕದ ಆಟೊಗಳ ಬೆನ್ನ ಮೇಲೆ ನೆಲೆ ನಿಂತದ್ದು, ಅವರು 1990ರಲ್ಲಿ ತೀರಿಕೊಂಡ ಇಷ್ಟು ವರ್ಷಗಳ ಮೇಲೂ ಉಳಿದಿರುವುದು ಎಲ್ಲರಿಗೂ ಗೊತ್ತು. ವಾಹನದ ಮೇಲಿನ ಬರಹವನ್ನು ಜನ ಓದುತ್ತಾರೆ, ಅದನ್ನು ವಾಹನದವನ ಮಾತೆಂದೇ ಸ್ವೀಕರಿಸುತ್ತಾರೆ ಎಂಬ ರೂಢಿ ಹೀಗೆ ಕಸುಬಿನ ಬರಹಕ್ಕಿಂತ ಮುಂಚೆಯೇ ಬೇರೂರಿತ್ತು.

ಇದರ ಜೊತೆಗೆ, ಕೆಲವು ವಾಹನಗಳ ಮೇಲೆ ಹೆಸರು ಬರೆಸುವುದು ಮಾಲೀಕನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಕಾನೂನಿನ ಅಪ್ಪಣೆ ಎಂಬುದನ್ನು ಗಮನಿಸಬೇಕು. ಮೋಟಾರು ವಾಹನ ಕಾಯ್ದೆ, 1988ರ 84ನೇ ಕಲಮು ಪರ್ಮಿಟ್ ಇರುವ ಪ್ರತಿಯೊಂದು ವಾಹನದ ಎರಡೂ ಬದಿಗೆ, ವಾಹನದ ಬಣ್ಣಕ್ಕೆ ಎದ್ದು ಕಾಣುವಂತಹ ಬಣ್ಣದಲ್ಲಿ, ಕಿಟಕಿಯ ಸಾಲಿನ ಕೆಳಗೆ ಸಾಧ್ಯವಾದಷ್ಟು ಎತ್ತರದಲ್ಲಿ, ದಪ್ಪ ಅಕ್ಷರಗಳಲ್ಲಿ ನಡೆಸುವವನ ಹೆಸರು ಮತ್ತು ವಿಳಾಸ ಇರಬೇಕೆಂದು ಹೇಳುತ್ತದೆ. ಪರ್ಮಿಟ್ ಎಂದರೆ ಬಾಡಿಗೆ ಅಥವಾ ಸರಕು ಸಾಗಣೆಗಾಗಿ ವಾಹನ ಓಡಿಸಲು ಸಾರಿಗೆ ಪ್ರಾಧಿಕಾರ ಕೊಡುವ ರಹದಾರಿ. ಅದೇ ಕಾಯ್ದೆಯ 66ನೇ ಕಲಮಿನ ಪ್ರಕಾರ ಒಟ್ಟು ತೂಕ 3,000 ಕಿಲೊಗ್ರಾಂ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲವಾದ್ದರಿಂದ, ಸಣ್ಣ ಕಸುಬುದಾರರ ಬಹುಪಾಲು ವಾಹನಗಳಿಗೆ ಈ ಷರತ್ತು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅದರ ಹಿಂದಿರುವ ವಿಚಾರ ಗಮನಾರ್ಹವಾದುದು: ರಸ್ತೆಯ ಮೇಲೆ ದುಡಿಯುವ ವಾಹನ ಯಾರದೆಂದು ಎಲ್ಲರಿಗೂ ಕಾಣಬೇಕು, ತಪ್ಪಾದರೆ ಕೇಳಲು ಒಬ್ಬ ಮನುಷ್ಯ ಸಿಗಬೇಕು. ಚಾಲನಾ ತರಬೇತಿ ಶಾಲೆಗಳ ವಾಹನಗಳ ಮೇಲೆ ಶಾಲೆಯ ಹೆಸರು ಮತ್ತು ವಿಳಾಸ ದಪ್ಪಕ್ಷರದಲ್ಲಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ವಿಧಿಸುವುದೂ ಇದೇ ಉದ್ದೇಶದಿಂದ. ಹೊಣೆಗಾರಿಕೆಗಾಗಿ ಬರೆಸಿದ ಹೆಸರು ತಾನಾಗಿಯೇ ಪ್ರಚಾರವೂ ಆಗುತ್ತದೆ. ಈ ಎರಡು ಗುಣಗಳು ಒಂದೇ ಬರಹದಲ್ಲಿ ಕೂಡಿರುವುದೇ ವಾಹನ ಫಲಕದ ನಿಜವಾದ ಬಲ.

ಇತರ ಹೊರಾಂಗಣ ಮಾಧ್ಯಮಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡದ್ದು ಈ ಬಲವನ್ನು ಇನ್ನಷ್ಟು ಹೆಚ್ಚಿಸಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಗೋಡೆ, ಕಂಬ, ಮರಗಳ ಮೇಲೆ ಅನುಮತಿಯಿಲ್ಲದೆ ಬರೆಯುವುದನ್ನು ಮತ್ತು ಅಂಟಿಸುವುದನ್ನು ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ, 1981 ಅಪರಾಧವೆಂದು ಸಾರಿತ್ತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧ ಅಧಿಸೂಚನೆ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನೂ ಒಳಗೊಂಡಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಕಟ್ಟುನಿಟ್ಟಾಗಿ ನಿರ್ದೇಶಿಸಿದ ಮೇಲೆ ಬೆಂಗಳೂರಿನ ಮಹಾನಗರ ಪಾಲಿಕೆ ಊರಿನ ಫ್ಲೆಕ್ಸ್‌ಗಳನ್ನು ಸಾಮೂಹಿಕವಾಗಿ ತೆರವುಗೊಳಿಸಿತು. ವಿದ್ಯುತ್ ಕಂಬಕ್ಕೆ ಚೀಟಿ ಅಂಟಿಸಿ ಬದುಕುತ್ತಿದ್ದ ಸಣ್ಣ ಕೆಲಸಗಾರನಿಗೆ, ಇನ್ನೊಬ್ಬರ ಆಸ್ತಿಯನ್ನು ಮುಟ್ಟದೆ ತನ್ನ ಹೆಸರನ್ನು ಬರೆದುಕೊಳ್ಳಬಹುದಾದ ಜಾಗವಾಗಿ ಉಳಿದದ್ದು ಅವನದೇ ವಾಹನ.

ಈ ಬರಹವನ್ನು ಯಾರು, ಯಾವಾಗ ಓದುತ್ತಾರೆ ಎಂಬುದು ಸಮೀಕ್ಷೆಯ ಕೇಂದ್ರ ಪ್ರಶ್ನೆ, ಮತ್ತು ಇದರ ಬಗ್ಗೆಯೇ ತಪ್ಪು ಕಲ್ಪನೆಗಳು ಹೆಚ್ಚು. ವಾಹನ ಹೆಚ್ಚು ಓಡಿದಷ್ಟೂ ಹೆಚ್ಚು ಜನ ನೋಡುತ್ತಾರೆ, ಆದ್ದರಿಂದ ಹೆಚ್ಚು ಗಿರಾಕಿ ಸಿಗುತ್ತಾರೆ ಎಂಬ ವಾದವನ್ನು ಸ್ಟಿಕ್ಕರ್ ಮಾರುವವರು ಸಾಮಾನ್ಯವಾಗಿ ಮುಂದಿಡುತ್ತಾರೆ. ಇದನ್ನು ಸರಳ ಲೆಕ್ಕದಿಂದ ಪರೀಕ್ಷಿಸಬಹುದು. ಗಂಟೆಗೆ 40 ಕಿಲೊಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 11 ಮೀಟರ್ ಚಲಿಸುತ್ತದೆ; ಅದೇ ವೇಗದಲ್ಲಿ ಎದುರಿನಿಂದ ಇನ್ನೊಂದು ಬಂದರೆ ಎರಡರ ನಡುವಿನ ಅಂತರ ಸೆಕೆಂಡಿಗೆ 22 ಮೀಟರಿನಂತೆ ಕುಗ್ಗುತ್ತದೆ. ಬರಹ 40 ಮೀಟರ್ ದೂರದಿಂದ ಓದಲು ಸಿಗುವಷ್ಟು ದೊಡ್ಡದಿದ್ದರೂ ಎದುರಿನವನಿಗೆ ದೊರೆಯುವ ಸಮಯ ಎರಡು ಸೆಕೆಂಡಿಗಿಂತ ಕಡಿಮೆ, ಮತ್ತು ಆ ಸಮಯದಲ್ಲಿ ಅವನ ಕಣ್ಣು ಇರಬೇಕಾದದ್ದು ರಸ್ತೆಯ ಮೇಲೆ. ಎರಡು ಸೆಕೆಂಡಿನಲ್ಲಿ ಕಸುಬಿನ ಹೆಸರು ಮನಸ್ಸಿಗೆ ಹತ್ತಬಹುದು, ಹತ್ತು ಅಂಕಿಯ ಫೋನ್ ಸಂಖ್ಯೆ ಹತ್ತುವುದಿಲ್ಲ. ಇದಕ್ಕೆ ಹೋಲಿಸಿದರೆ ಸಿಗ್ನಲ್‌ನಲ್ಲಿ ಹಿಂದೆ ನಿಂತವನಿಗೆ ಐದಾರು ಮೀಟರ್ ಅಂತರದಿಂದ ಒಂದು ನಿಮಿಷ ಅಥವಾ ಅದಕ್ಕೂ ಹೆಚ್ಚು ಸಮಯ ದೊರೆಯುತ್ತದೆ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವ ಬೆಂಗಳೂರಿನಂತಹ ಊರಿನಲ್ಲಿ ಅದಕ್ಕಿಂತಲೂ ಹೆಚ್ಚು. ಹೀಗಾಗಿ ಎದುರಿನ ಬರಹಕ್ಕಿಂತ ಹಿಂಬದಿಯ ಬರಹಕ್ಕೆ ಬೆಲೆ ಹೆಚ್ಚು. ಇವೆರಡಕ್ಕಿಂತಲೂ ಹೆಚ್ಚಿನ ಬೆಲೆ ಇರುವುದು ನಿಂತ ವಾಹನದ ಪಕ್ಕದ ಬರಹಕ್ಕೆ.

ಕೆಲಸ ನಡೆಯುತ್ತಿರುವ ಮನೆಯ ಮುಂದೆ ಅರ್ಧ ದಿನ ನಿಂತಿರುವ ವ್ಯಾನಿನ ಪಕ್ಕದಲ್ಲಿ ಹಾದುಹೋಗುವವರು ಆ ಬೀದಿಯವರೇ. ಅವರ ಮನೆಗಳಿಗೆ ಬರುವುದು ಅದೇ ನೀರು, ಅವರ ಪೈಪುಗಳು ಬಹುಶಃ ಅದೇ ಕಾಲದವು, ಅವರ ತೊಂದರೆಗಳೂ ಹೆಚ್ಚುಕಡಿಮೆ ಅವೇ. ಪಕ್ಕದ ಮನೆಯವರು ಕರೆಸಿದ್ದಾರೆ ಎಂಬ ಒಂದೇ ಸಂಗತಿ ಅಪರಿಚಿತ ಕೆಲಸಗಾರನ ಬಗೆಗಿನ ಅನುಮಾನವನ್ನು ಅರ್ಧಕ್ಕೆ ಇಳಿಸುತ್ತದೆ, ಮಿಕ್ಕ ಅರ್ಧವನ್ನು ಆ ಮನೆಯವರನ್ನೇ ಕೇಳಿ ಪರಿಹರಿಸಿಕೊಳ್ಳಬಹುದು. ನಮ್ಮ ಸಮಾಜದಲ್ಲಿ ಇಂತಹ ಕೆಲಸಗಳಿಗೆ ಜನ ಆಳು ಹುಡುಕುವುದು ಬಾಯಿಮಾತಿನಿಂದಲೇ ಎಂಬುದು ನಿಜ. ವಾಹನದ ಬರಹ ಆ ಬಾಯಿಮಾತಿಗೆ ಒಂದು ಹೆಸರನ್ನೂ ಸಂಖ್ಯೆಯನ್ನೂ ಜೋಡಿಸಿ ಕೊಡುತ್ತದೆ. ಆದ್ದರಿಂದ ವಾಹನ ಫಲಕದ ಯೋಗ್ಯತೆಯನ್ನು ಓಡಿದ ಕಿಲೊಮೀಟರುಗಳಿಂದ ಅಳೆಯುವುದಕ್ಕಿಂತ, ಅದು ಕೆಲಸದ ಸ್ಥಳದಲ್ಲಿ ನಿಂತ ಗಂಟೆಗಳಿಂದ ಅಳೆಯುವುದು ಹೆಚ್ಚು ಸರಿ.

ಕೊಳವೆಬಾವಿ ಕೊರೆಯುವ ಲಾರಿಗಳು ಇದಕ್ಕೆ ಅತ್ಯುತ್ತಮ ನಿದರ್ಶನ. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು ಈ ಲಾರಿಗಳ ತವರು. ಅಲ್ಲಿಂದ ಹೊರಟ ರಿಗ್‌ಗಳು ಕರ್ನಾಟಕದ ಬಯಲುಸೀಮೆಯ ಹೊಲಗಳಲ್ಲೂ ಬಹುಕಾಲದಿಂದ ಕೊರೆಯುತ್ತ ಬಂದಿವೆ. ಒಂದು ಹೊಲದಲ್ಲಿ ರಿಗ್ ನಿಂತರೆ ಸುತ್ತಲಿನ ರೈತರು ಬಂದು ಸೇರುತ್ತಾರೆ, ಎಷ್ಟು ಅಡಿಗೆ ನೀರು ಬಿತ್ತು, ಎಷ್ಟು ಇಂಚು ಬಂತು, ಅಡಿಗೆ ಎಷ್ಟು ದರ ಎಂದು ವಿಚಾರಿಸುತ್ತ ಗಂಟೆಗಟ್ಟಲೆ ನಿಲ್ಲುತ್ತಾರೆ, ಮತ್ತು ಆ ಹೊತ್ತಿನಲ್ಲೆಲ್ಲ ಅವರ ಕಣ್ಣೆದುರು ಇರುವುದು ಲಾರಿಯ ಮೈಮೇಲೆ ಬರೆದ ದೊಡ್ಡ ಹೆಸರು, ಊರು ಮತ್ತು ಫೋನ್ ಸಂಖ್ಯೆ. ಕೆಲಸವೇ ಪ್ರದರ್ಶನವಾಗುವ ಕಸುಬುಗಳಲ್ಲಿ ಬರಹಕ್ಕೆ ಇಷ್ಟು ಶಕ್ತಿಯಿದೆ. ನೀರಿನ ಟ್ಯಾಂಕರಿನದು ಇನ್ನೊಂದು ಬಗೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಕೊರತೆ ತೀವ್ರವಾದಾಗ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳ ನೋಂದಣಿಯನ್ನು ಕಡ್ಡಾಯಗೊಳಿಸಿ, 5 ಕಿಲೊಮೀಟರ್ ಒಳಗಿನ ಸರಬರಾಜಿಗೆ 6,000 ಲೀಟರಿನ ಟ್ಯಾಂಕರಿಗೆ ₹600, 12,000 ಲೀಟರಿಗೆ ₹1,000 ಎಂಬಂತೆ ದರ ಗೊತ್ತುಪಡಿಸಿತು. ಎಂದಿನ ಟ್ಯಾಂಕರಿನವನು ಕೈಕೊಟ್ಟ ಮನೆಯವರಿಗೆ ಬೀದಿಯಲ್ಲಿ ಹೋಗುವ ಇನ್ನೊಂದು ಟ್ಯಾಂಕರಿನ ಹಿಂಬದಿಯ ಸಂಖ್ಯೆಯೇ ದಾರಿ. ತುರ್ತಿನ ಕಸುಬಿನಲ್ಲಿ ಕಂಡ ಸಂಖ್ಯೆಗೆ ಕರೆ ಹೋಗುತ್ತದೆ, ಹೋಲಿಸಿ ನೋಡುವ ವ್ಯವಧಾನ ಇರುವುದಿಲ್ಲ. ಶೌಚಗುಂಡಿಯ ಮಲಿನವನ್ನು ಯಂತ್ರದಿಂದ ಹೀರಿ ಸಾಗಿಸುವ ವಾಹನಗಳ ಸಂಗತಿ ಇವೆರಡಕ್ಕಿಂತಲೂ ಭಿನ್ನ: ನೆರೆಯವರನ್ನು ಕೇಳಲು ಜನ ಮುಜುಗರಪಡುವ ವಿಷಯವಾದ್ದರಿಂದ ಇಲ್ಲಿ ಬಾಯಿಮಾತು ನಡೆಯುವುದು ಕಡಿಮೆ, ವಾಹನದ ಬೆನ್ನ ಮೇಲಿನ ಸಂಖ್ಯೆಯನ್ನು ಸದ್ದಿಲ್ಲದೆ ಬರೆದಿಟ್ಟುಕೊಳ್ಳುವುದೇ ಹೆಚ್ಚು. ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಗುಂಡಿಗಿಳಿಸುವ ಅಪಾಯಕರ ಸ್ವಚ್ಛತೆಯನ್ನು ಅಪರಾಧವೆಂದು ಮಾಡಿರುವಾಗ, ಯಂತ್ರದಿಂದಲೇ ಕೆಲಸ ಮಾಡುವುದಾಗಿ ಈ ವಾಹನಗಳ ಮೇಲೆ ಸ್ಪಷ್ಟವಾಗಿ ಬರೆಸುವುದು ವ್ಯಾಪಾರಕ್ಕೂ ಒಳ್ಳೆಯದು, ಮನುಷ್ಯತ್ವಕ್ಕೂ ಒಳ್ಳೆಯದು.

ಪರಿಣಾಮವನ್ನು ಅಳೆಯುವ ವಿಧಾನ ಕಷ್ಟವೇನಲ್ಲ. ವಾಹನದ ಮೇಲೆ ಬರೆಸುವ ಸಂಖ್ಯೆಗೆಂದೇ ಪ್ರತ್ಯೇಕ ಸಿಮ್ ಇಟ್ಟುಕೊಂಡರೆ ಆ ಸಂಖ್ಯೆಗೆ ಬಂದ ಕರೆಗಳೆಲ್ಲ ವಾಹನದಿಂದ ಬಂದವು ಎಂದು ತಿಳಿಯುತ್ತದೆ. ಅದಿಲ್ಲದಿದ್ದರೆ ಕರೆ ಮಾಡಿದ ಪ್ರತಿಯೊಬ್ಬರನ್ನೂ ನಂಬರ್ ಎಲ್ಲಿ ಸಿಕ್ಕಿತೆಂದು ಕೇಳಿ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡರೂ ಸಾಕು. ದಿನಕ್ಕೆ ಇಷ್ಟು ಸಾವಿರ ಜನ ನೋಡುತ್ತಾರೆ ಎಂಬ ಪ್ರಚಾರೋದ್ಯಮದ ಅಂಕಿಗಳು ಕಣ್ಣಿಗೆ ಬೀಳುವುದನ್ನು ಎಣಿಸುತ್ತವೆಯೇ ಹೊರತು ಬಂದ ಕರೆಯನ್ನಲ್ಲ, ಆದ್ದರಿಂದ ಅವುಗಳನ್ನು ನಂಬಿ ದುಡ್ಡು ಹೂಡುವುದು ಸಲ್ಲದು.

ಬರಹದ ರೂಪದ ವಿಷಯದಲ್ಲಿ ಕನ್ನಡಕ್ಕೆ ಅದರದೇ ಆದ ಸಮಸ್ಯೆಗಳಿವೆ, ಅವುಗಳನ್ನು ಇಂಗ್ಲಿಷ್ ಫಲಕಗಳಿಗಾಗಿ ಹುಟ್ಟಿದ ಸೂತ್ರಗಳು ಪರಿಹರಿಸುವುದಿಲ್ಲ. ಸಾಮಾನ್ಯ ದೃಷ್ಟಿಯುಳ್ಳವರು 6 ಮೀಟರ್ ದೂರದಿಂದ ಗುರುತಿಸಬಲ್ಲ ಅತಿ ಚಿಕ್ಕ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್ ಎಂಬುದು ಕಣ್ಣಿನ ವೈದ್ಯರ ಪರೀಕ್ಷಾ ಫಲಕದ ಲೆಕ್ಕ. ಇದು ಅಂಚಿನ ಅಳತೆಯಾದ್ದರಿಂದ ನಿರಾಯಾಸವಾಗಿ ಓದಲು ಇದರ ಮೂರು ಪಟ್ಟಾದರೂ ಬೇಕು. ಫಲಕ ಬರೆಯುವವರಲ್ಲಿ ಪ್ರಚಲಿತವಿರುವ, ಪ್ರತಿ 10 ಅಡಿ ದೂರಕ್ಕೆ ಒಂದು ಇಂಚು ಎತ್ತರ ಎಂಬ ಸೂತ್ರ ಇದರ ಸುಮಾರು ಎರಡು ಪಟ್ಟು ಎತ್ತರ ಕೊಡುತ್ತದೆ. ಆದರೆ ಈ ಅಳತೆ ಒಂದೇ ಸಾಲಿನಲ್ಲಿ ನಿಲ್ಲುವ ರೋಮನ್ ದೊಡ್ಡಕ್ಷರಗಳನ್ನು ಕುರಿತದ್ದು. ಕನ್ನಡದಲ್ಲಿ ಗುಡಿಸು ಮತ್ತು ತಲೆಕಟ್ಟುಗಳು ಮೇಲೆ, ಒತ್ತಕ್ಷರ ಕೆಳಗೆ, ದೀರ್ಘ ಮತ್ತು ಕೊಂಬು ಬಲಕ್ಕೆ ಬರುವುದರಿಂದ, 20 ಸೆಂಟಿಮೀಟರ್ ಎತ್ತರದ ಪಟ್ಟಿಯಲ್ಲಿ ಮೂಲ ಅಕ್ಷರಕ್ಕೆ ದಕ್ಕುವ ಎತ್ತರ ಅರ್ಧದಷ್ಟು ಮಾತ್ರ. ದ ಮತ್ತು ಧ, ಬ ಮತ್ತು ಭ ಅಕ್ಷರಗಳನ್ನು ಬೇರ್ಪಡಿಸುವುದು ಬುಡದ ಒಂದು ಸಣ್ಣ ಗೀಟು. ದೂರದಿಂದ ಮೊದಲು ಮಾಯವಾಗುವುದೂ ಅದೇ. ಅಕ್ಷರದ ಗೆರೆಯನ್ನು ಅತಿಯಾಗಿ ದಪ್ಪ ಮಾಡಿದರೆ ಒಳಗಿನ ಬಯಲು ತುಂಬಿಹೋಗಿ ಎಲ್ಲ ಅಕ್ಷರಗಳೂ ಉಂಡೆಗಳಂತೆ ಕಾಣುತ್ತವೆ, ಆದ್ದರಿಂದ ಕನ್ನಡದಲ್ಲಿ ದಪ್ಪಕ್ಕಿಂತ ಅಕ್ಷರಗಳ ನಡುವಿನ ಬಿಡುವು ಮುಖ್ಯ. ನೆರಳು, ಎರಡು ಬಣ್ಣದ ಅಂಚು, ಓರೆ ಅಕ್ಷರ ಇವೆಲ್ಲ ಹತ್ತಿರದಿಂದ ಅಂದವಾಗಿ ಕಂಡರೂ ದೂರದ ಓದಿಗೆ ಅಡ್ಡಿ.

ಪದಗಳ ಆಯ್ಕೆಯೂ ಇದಕ್ಕೆ ಸೇರಿದ್ದು. ‘ಕೊಳವೆಬಾವಿ’ ಎಂಬ ಪದದಲ್ಲಿ ಒತ್ತಕ್ಷರವೇ ಇಲ್ಲದ್ದರಿಂದ ಅದನ್ನು ದೊಡ್ಡದಾಗಿ ಬರೆಯಲು ಜಾಗ ಸಿಗುತ್ತದೆ; ‘ವಿದ್ಯುತ್ ಗುತ್ತಿಗೆದಾರರು’ ಎಂಬಲ್ಲಿ ಒತ್ತುಗಳೇ ಅರ್ಧ ಜಾಗ ತಿನ್ನುತ್ತವೆ, ‘ಕರೆಂಟ್ ಕೆಲಸ’ ಎಂದರೆ ಜನರ ಬಾಯಲ್ಲಿರುವ ಮಾತೂ ಆಯಿತು, ಓದೂ ಸುಲಭವಾಯಿತು. ಇಂತಹ ವಿಚಾರಗಳನ್ನು ಹಿಂದಿನ ಎನಾಮಲ್ ಬಣ್ಣದ ಫಲಕ ಕಲಾವಿದರು ಯಾರ ಪಾಠವೂ ಇಲ್ಲದೆ ಕೈಯನುಭವದಿಂದ ಅರಿತಿದ್ದರು: ಒತ್ತು ಬರುವ ಕಡೆ ಮೂಲ ಅಕ್ಷರವನ್ನು ಕೊಂಚ ಮೇಲೆತ್ತುವುದು, ಸಾಲು ಮುಗಿಯುವಲ್ಲಿ ಅಕ್ಷರವನ್ನು ಕಿರಿದುಗೊಳಿಸುವುದು, ಬಾಗಿಲಿನ ಹಿಡಿ ಮತ್ತು ಕೀಲು ಬರುವ ಜಾಗದಲ್ಲಿ ಪದ ಒಡೆಯದಂತೆ ನೋಡಿಕೊಳ್ಳುವುದು ಅವರಿಗೆ ಸಹಜವಾಗಿತ್ತು. ಗಣಕಯಂತ್ರದ ಸ್ಟಿಕ್ಕರ್ ಕತ್ತರಿಕೆ ಬಂದ ಮೇಲೆ ವೇಗ ಹೆಚ್ಚಿತು, ಕೈಯ ವಿವೇಕ ಕಡಿಮೆಯಾಯಿತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಮತ್ತು ಆಮೇಲೆ ಬಂದ ‘ನುಡಿ’ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದು ದೊಡ್ಡ ಉಪಕಾರ ಮಾಡಿದವು. ಆದರೆ ಯುನಿಕೋಡ್‌ನಲ್ಲಿ ಬರೆದ ಪಠ್ಯವನ್ನು ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ತೆರೆದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆಯುತ್ತವೆ, ಕನ್ನಡ ಬಾರದ ಕೆಲಸಗಾರ ಅದನ್ನು ಹಾಗೆಯೇ ಕತ್ತರಿಸಿ ಅಂಟಿಸುತ್ತಾನೆ, ಮತ್ತು ಒಬ್ಬನ ಹೆಸರು ವರ್ಷಗಟ್ಟಲೆ ತಪ್ಪಾಗಿ ಊರೆಲ್ಲ ತಿರುಗುತ್ತದೆ. ಅಂಟಿಸುವ ಮುನ್ನ ಕಾಗದದ ಮೇಲೆ ಅಚ್ಚು ತೆಗೆಸಿ, ಓದು ಬಲ್ಲ ಒಬ್ಬರಿಗೆ ತೋರಿಸುವ ಸಣ್ಣ ಎಚ್ಚರ ಈ ನೋವನ್ನು ತಪ್ಪಿಸುತ್ತದೆ.

ಭಾಷೆಯ ಬಗ್ಗೆ ಒಂದು ಮಾತನ್ನು ಖಚಿತವಾಗಿ ಹೇಳಬೇಕಾಗಿದೆ. ಅಂಗಡಿ ಮತ್ತು ಸಂಸ್ಥೆಗಳ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ವಿಧಿಸುತ್ತದೆ. ಆ ಚರ್ಚೆ ನಡೆದದ್ದು ಕಟ್ಟಡಗಳ ಮೇಲಿನ ಫಲಕಗಳನ್ನು ಕುರಿತು. ವಾಹನದ ಮೇಲೆ ಕನ್ನಡ ಬರೆಸಲು ಕಾನೂನಿನ ಒತ್ತಾಯಕ್ಕಿಂತ ದೊಡ್ಡ ಕಾರಣವಿದೆ: ಮನೆಯಲ್ಲಿ ನಲ್ಲಿ ಸೋರಿದಾಗ ಬೀದಿಗೆ ಬಂದು ಸಂಖ್ಯೆ ನೋಡುವವರಲ್ಲಿ ಇಂಗ್ಲಿಷ್ ಓದಲಾರದ ಹಿರಿಯರೂ ಗೃಹಿಣಿಯರೂ ಇರುತ್ತಾರೆ, ಅವರೇ ಗಿರಾಕಿಗಳು. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಇಂಗ್ಲಿಷಿನ ಒಂದು ಸಾಲು ಅಗತ್ಯವಾಗಬಹುದು, ಅದು ಎರಡನೆಯ ಸಾಲಾಗಿರಲಿ.

ಫೋನ್ ಸಂಖ್ಯೆ ಬರಹದ ಜೀವಾಳ. ಮನುಷ್ಯನ ತಾತ್ಕಾಲಿಕ ನೆನಪಿನಲ್ಲಿ ಏಳರ ಆಸುಪಾಸಿನ ಘಟಕಗಳು ನಿಲ್ಲುತ್ತವೆ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರತಿಪಾದಿಸಿದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಹತ್ತು ಅಂಕಿಗಳನ್ನು ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಬರೆದರೆ ಅದು ಹತ್ತು ಘಟಕ, ಐದೈದಾಗಿ ಅಥವಾ ಮೂರು, ಮೂರು, ನಾಲ್ಕಾಗಿ ಬಿಡಿಸಿದರೆ ಎರಡು ಮೂರು ಘಟಕ. ಸುಮಾರು ಒಂದೂವರೆ ಮೀಟರ್ ಅಗಲದ ಸಣ್ಣ ಟೆಂಪೊದ ಹಿಂಬದಿಯಲ್ಲಿ 10 ಸೆಂಟಿಮೀಟರ್ ಎತ್ತರದ ಅಂಕಿಗಳು ಬಿಡುವು ಸಮೇತ ಒಂದು ಮೀಟರಿನೊಳಗೆ ಕೂರುತ್ತವೆ. ಮೂರು ನಾಲ್ಕು ಸಂಖ್ಯೆ ಬರೆಸುವವರು ಯಾವುದನ್ನೂ ಓದಲು ಬಿಡುವುದಿಲ್ಲ. ಈಚೆಗೆ ಹರಡಿರುವ ಕ್ಯೂಆರ್ ಕೋಡ್, ಅಂದರೆ ಮೊಬೈಲ್ ಕ್ಯಾಮೆರಾ ಓದುವ ಚೌಕ ಗುರುತು, ತನ್ನ ಅಗಲದ ಸುಮಾರು ಹತ್ತು ಪಟ್ಟು ದೂರದಿಂದ ಮಾತ್ರ ಸಲೀಸಾಗಿ ಕೆಲಸ ಮಾಡುತ್ತದೆ; 10 ಸೆಂಟಿಮೀಟರಿನ ಗುರುತಿಗೆ ಒಂದು ಮೀಟರ್ ಹತ್ತಿರ ಬರಬೇಕು. ಆದ್ದರಿಂದ ಅದರ ಜಾಗ ನಿಂತ ವಾಹನದ ಪಕ್ಕದ ಬಾಗಿಲು. ಹಣ ಪಾವತಿಯ ಗುರುತನ್ನಂತೂ ವಾಹನದ ಹೊರಮೈಗೆ ಅಂಟಿಸಬಾರದು, ಅದರ ಮೇಲೆ ಬೇರೆಯವರು ತಮ್ಮ ಗುರುತನ್ನು ಅಂಟಿಸಿ ಮೋಸ ಮಾಡುವುದು ಸುಲಭ.

ಸಾಮಗ್ರಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎನಾಮಲ್ ಬಣ್ಣ, ಕತ್ತರಿಸಿ ಅಂಟಿಸುವ ವಿನೈಲ್ ಸ್ಟಿಕ್ಕರ್, ರಾತ್ರಿ ಬೆಳಕಿಗೆ ಹೊಳೆಯುವ ರೇಡಿಯಂ ಸ್ಟಿಕ್ಕರ್ ಎಂದು ಜನ ಕರೆಯುವ ಪ್ರತಿಫಲಕ ಹಾಳೆ, ಇಡೀ ಮೈಯನ್ನು ಮುಚ್ಚುವ ಮುದ್ರಿತ ಹೊದಿಕೆ, ತೆಗೆದು ಹಾಕಬಹುದಾದ ಅಯಸ್ಕಾಂತದ ಹಾಳೆ, ಇವು ಬಳಕೆಯಲ್ಲಿರುವ ಬಗೆಗಳು. ವಿನೈಲಿನಲ್ಲಿ ಉರುಳೆಗಳ ನಡುವೆ ಒತ್ತಿ ತಯಾರಿಸಿದ್ದು ಅಗ್ಗ, ಆದರೆ ಬಿಸಿಲಿಗೆ ಕುಗ್ಗಿ ಅಂಚು ಏಳುತ್ತದೆ. ದ್ರವ ರೂಪದಲ್ಲಿ ಎರಕಹೊಯ್ದು ತಯಾರಿಸಿದ್ದು ದುಬಾರಿ, ಬಾಗಿದ ಮೈಗೆ ಚೆನ್ನಾಗಿ ಕೂತು ಹೆಚ್ಚು ಕಾಲ ಬಾಳುತ್ತದೆ. ಅಯಸ್ಕಾಂತದ ಹಾಳೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಮೈಗೆ ಹಿಡಿಯುವುದಿಲ್ಲ, ಅದನ್ನು ಆಗಾಗ ತೆಗೆದು ಒರೆಸದಿದ್ದರೆ ಅಡಿಯಲ್ಲಿ ನೀರು ನಿಂತು ಬಣ್ಣ ಕೆಡುತ್ತದೆ. ವಾಹನಕ್ಕೆ ಫ್ಲೆಕ್ಸ್ ಕಟ್ಟುವುದು ಗಾಳಿಗೆ ಹರಿದು ಹಿಂದಿನ ಸವಾರನ ಮುಖಕ್ಕೆ ಬಡಿಯುವ ಅಪಾಯದ ಕೆಲಸ.

ಕಾನೂನಿನ ಮಿತಿಗಳು ಹಲವು ಕಡೆ ಚದುರಿವೆ. ನೋಂದಣಿ ಫಲಕದ ಮೇಲೆ ಸಂಖ್ಯೆಯ ಹೊರತು ಬೇರೇನನ್ನೂ ಬರೆಸುವಂತಿಲ್ಲ. ಕೇಂದ್ರ ನಿಯಮಗಳ 50 ಮತ್ತು 51ನೇ ನಿಯಮಗಳು ಅಕ್ಷರ, ಅಂಕಿ, ಅಳತೆಗಳನ್ನು ನಿಗದಿ ಮಾಡಿವೆ. ಗಾಜಿನ ವಿಷಯದಲ್ಲಿ 100ನೇ ನಿಯಮ, ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ 50 ಬೆಳಕು ಹಾಯಬೇಕೆನ್ನುತ್ತದೆ. ಗಾಜಿಗೆ ಫಿಲ್ಮ್ ಅಂಟಿಸುವುದರ ವಿರುದ್ಧ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಕಠಿಣ ಆದೇಶ ನೀಡಿತ್ತು. ಹಿಂದಿನ ಗಾಜನ್ನು ಪೂರ್ತಿ ಮುಚ್ಚುವ ಜಾಹೀರಾತು ಈ ಕಾರಣದಿಂದ ಅಪಾಯಕಾರಿ ಮಾತ್ರವಲ್ಲ, ದಂಡಕ್ಕೂ ಗುರಿ. ದೀಪಗಳನ್ನು, ಪ್ರತಿಫಲಕ ಪಟ್ಟಿಗಳನ್ನು ಬರಹ ಮುಚ್ಚಬಾರದು. ನೋಂದಣಿ ಪತ್ರದಲ್ಲಿ ವಾಹನದ ಬಣ್ಣ ನಮೂದಾಗಿರುವುದರಿಂದ, ಇಡೀ ಬಣ್ಣವನ್ನೇ ಬದಲಿಸುವ ಹೊದಿಕೆ ಹಾಕಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ ಪಡೆಯಬೇಕು. ಹಳದಿ ಬೋರ್ಡಿನ ಸಾರಿಗೆ ವಾಹನದ ಮೇಲೆ ಬೇರೆಯವರ ಸರಕಿನ ಜಾಹೀರಾತು ಹಾಕಿ ಬಾಡಿಗೆ ಪಡೆಯುವುದು ತನ್ನದೇ ಹೆಸರು ಬರೆಸುವುದಕ್ಕಿಂತ ಬೇರೆ ವ್ಯವಹಾರ. ಅದಕ್ಕೆ ಅನುಮತಿ ಮತ್ತು ಶುಲ್ಕದ ಪ್ರಶ್ನೆ ಬರುವುದರಿಂದ ಅದೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಬೇಕು. ರಾಷ್ಟ್ರ ಲಾಂಛನದ ದುರ್ಬಳಕೆಯನ್ನು 2005ರ ಕಾಯ್ದೆ ತಡೆಯುತ್ತದೆ. ಮನೆಯಲ್ಲೇ ಶುಶ್ರೂಷೆ ಒದಗಿಸುವ ಸಂಸ್ಥೆಗಳು ವಾಹನದ ಮೇಲೆ ಕೆಂಪು ಶಿಲುಬೆಯ ಗುರುತನ್ನು ಸಲೀಸಾಗಿ ಬಳಸುವುದುಂಟು. ಜಿನೀವಾ ಒಪ್ಪಂದಗಳ ಕಾಯ್ದೆ, 1960ರ ಪ್ರಕಾರ ಅನುಮತಿಯಿಲ್ಲದೆ ಆ ಗುರುತನ್ನು ಬಳಸುವಂತಿಲ್ಲ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ವಿಮೆಯ ಸಂಗತಿ ಇದಕ್ಕಿಂತ ಹೆಚ್ಚು ಗಂಭೀರ, ಆದರೆ ಹೆಚ್ಚು ಅಲಕ್ಷಿತ. ಬಿಳಿ ಬೋರ್ಡಿನ ಖಾಸಗಿ ಕಾರು ಅಥವಾ ವ್ಯಾನಿಗೆ ಮಾಡಿಸುವ ವಿಮಾ ಪತ್ರ ಬಾಡಿಗೆ ಓಡಾಟವನ್ನೂ, ಸ್ವಂತ ಸಾಮಾನು ಮತ್ತು ಮಾದರಿ ವಸ್ತುಗಳ ಹೊರತಾದ ಸರಕು ಸಾಗಣೆಯನ್ನೂ ಹೊರಗಿಡುತ್ತದೆ. ಅಂತಹ ವ್ಯಾನಿನಲ್ಲಿ ಅಡುಗೆ ಪಾತ್ರೆ, ಪೈಪು, ಕುರ್ಚಿ ತುಂಬಿಕೊಂಡು ಓಡಾಡುವವನ ವಾಹನ ಅಪಘಾತಕ್ಕೀಡಾದಾಗ, ಮೈಮೇಲಿನ ಬರಹವೇ ವಾಹನದ ಬಳಕೆಯ ಬಗ್ಗೆ ಸಾಕ್ಷ್ಯವಾಗುತ್ತದೆ. ಇದಕ್ಕೆ ಪರಿಹಾರ ಬರಹವನ್ನು ಅಳಿಸುವುದಲ್ಲ; ನಿಜವಾದ ಬಳಕೆಯನ್ನು ವಿಮಾ ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸಿ, ಅಗತ್ಯವಿದ್ದರೆ ವಾಹನವನ್ನು ಸರಕು ವಾಹನವಾಗಿ ನೋಂದಾಯಿಸಿ, ಅದಕ್ಕೆ ತಕ್ಕ ಪಾಲಿಸಿ ಪಡೆಯುವುದು. ಖರ್ಚು ಸ್ವಲ್ಪ ಹೆಚ್ಚಾದರೂ ಒಂದು ಕುಟುಂಬದ ಜೀವನೋಪಾಯ ಒಂದೇ ಅಪಘಾತದಲ್ಲಿ ಮುಳುಗದಂತೆ ಇದು ಕಾಯುತ್ತದೆ.

ಹೆಸರು ಹೊತ್ತ ವಾಹನದ ನಡವಳಿಕೆಯೂ ಪ್ರಚಾರವೇ ಆಗಿಬಿಡುತ್ತದೆ. ಅಡ್ಡಾದಿಡ್ಡಿ ಓಡಿಸಿದ, ಇನ್ನೊಬ್ಬರ ಗೇಟಿನ ಮುಂದೆ ನಿಲ್ಲಿಸಿದ, ಕಸವನ್ನು ಮೋರಿಗೆ ಸುರಿದ ವಾಹನದ ಮೇಲಿನ ಸಂಖ್ಯೆಗೆ ಬರುವ ಕರೆ ದೂರಿನ ಕರೆ, ಮತ್ತು ಅದು ಆ ಬೀದಿಯಲ್ಲಿ ಹತ್ತು ಜನರ ಕಿವಿಗೆ ಬೀಳುತ್ತದೆ. ಸುಳ್ಳು ಹೇಳಿಕೆಗಳ ಅಪಾಯವೂ ಇದೆ: ಪರವಾನಗಿ ಇಲ್ಲದವನು ಸರ್ಕಾರಿ ಮಾನ್ಯತೆ ಇದೆಯೆಂದು ಬರೆಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅರ್ಥದಲ್ಲಿ ದಾರಿತಪ್ಪಿಸುವ ಜಾಹೀರಾತು. ಇನ್ನೊಂದು ಕಡೆ, ಮನೆಯಿಂದಲೇ ಊಟದ ಸರಬರಾಜು, ಸೌಂದರ್ಯ ಸೇವೆ ನಡೆಸುವ ಹೆಣ್ಣುಮಕ್ಕಳು ತಮ್ಮ ಸ್ವಂತ ಸಂಖ್ಯೆಯನ್ನು ಸ್ಕೂಟರಿನ ಮೇಲೆ ಬರೆಸಿದಾಗ ಬರುವ ಕಿರುಕುಳದ ಕರೆಗಳನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾಗದು. ಅವರಿಗೆ ವ್ಯವಹಾರಕ್ಕೆಂದೇ ಬೇರೆ ಸಂಖ್ಯೆ, ವೈಯಕ್ತಿಕ ಹೆಸರಿನ ಬದಲು ಉದ್ದಿಮೆಯ ಹೆಸರು ಅತ್ಯಗತ್ಯ. ಬೆಲೆಬಾಳುವ ಉಪಕರಣಗಳಿರುವ ವಾಹನವನ್ನು ರಾತ್ರಿ ಬೀದಿಯಲ್ಲಿ ನಿಲ್ಲಿಸುವವರೂ ಒಳಗೇನಿದೆಯೆಂದು ಬರಹವೇ ಸಾರುತ್ತಿರುವುದನ್ನು ನೆನಪಿಡಬೇಕು.

ಒಟ್ಟಾರೆ ನೋಡಿದಾಗ, ಮನೆಬಾಗಿಲಿಗೆ ಹೋಗಿ ಮಾಡುವ, ನೆರೆಹೊರೆಯವರಿಗೂ ಬೇಕಾಗುವ, ತುರ್ತಾಗಿ ನೆನಪಾಗುವ ಕಸುಬುಗಳಿಗೆ ವಾಹನದ ಬರಹಕ್ಕಿಂತ ಮಿತವ್ಯಯದ ಪ್ರಚಾರ ಇನ್ನೊಂದಿಲ್ಲ. ಲೆಕ್ಕಪತ್ರ, ಕಾನೂನು ಸಲಹೆಗಳಂತಹ, ಗಿರಾಕಿಯೇ ಕಚೇರಿಗೆ ಬರುವ ಕಸುಬುಗಳಿಗೆ ಇದರ ಉಪಯೋಗ ಅತ್ಯಲ್ಪ, ವಕೀಲರಿಗಂತೂ ಜಾಹೀರಾತನ್ನೇ ಅವರ ವೃತ್ತಿ ನಿಯಮ ತಡೆದಿದೆ. ಈ ಬರಹವನ್ನು ನಂಬಿ ಬದುಕುವವರು ಹೆಚ್ಚಾಗಿ ಕಡಿಮೆ ಓದಿದವರು, ಒಬ್ಬರೋ ಇಬ್ಬರೋ ಸೇರಿ ದುಡಿಯುವವರು. ಅವರಿಗೆ ಅನ್ವಯಿಸುವ ನಿಯಮಗಳು ಹತ್ತಾರು ಕಾಯ್ದೆಗಳಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ ಹಂಚಿಹೋಗಿವೆ. ವಾಹನದ ಮೇಲೆ ಏನನ್ನು ಬರೆಸಬಹುದು, ಏನನ್ನು ಬರೆಸಬಾರದು, ಯಾವುದಕ್ಕೆ ಯಾರ ಅನುಮತಿ ಬೇಕು, ಯಾವ ವಿಮೆ ಬೇಕು ಎಂಬುದನ್ನು ಚಿತ್ರಗಳ ಸಹಿತ ತಿಳಿಗನ್ನಡದಲ್ಲಿ ವಿವರಿಸುವ ಒಂದು ಕಿರುಹೊತ್ತಿಗೆಯನ್ನು ಸಾರಿಗೆ ಇಲಾಖೆ ಸಿದ್ಧಪಡಿಸಿ, ಪ್ರತಿಯೊಂದು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ ಉಚಿತವಾಗಿ ದೊರೆಯುವಂತೆ ಮಾಡಬೇಕು.